ಕಾಟಾದ ತೂಕ ಮಿನಿಕಾಮ್‌ಗೆ ಬರುತ್ತೆ, ನನ್ನ ಪ್ರೋಗ್ರಾಂಗೆ ಬರಲ್ಲ: ಅನುಭವ ಇದ್ದವರು ಹೇಳಿ

ಗಂಜ್ ಹುಡುಗ, ಕಲಬುರಗಿ

ನಮಸ್ಕಾರ ಎಲ್ಲರಿಗೂ. ಕಪನೂರ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಮಾವನ ದಾಲ್ ಮಿಲ್ ಇದೆ. ಲಾರಿ ತೂಗುವ ಕಾಟಾದ ಇಂಡಿಕೇಟರ್‌ನಿಂದ (ತೂಕ ತೋರಿಸುವ ಡಬ್ಬಿ) ಸೀರಿಯಲ್ ಕೇಬಲ್, ಅದಕ್ಕೊಂದು ಯುಎಸ್‌ಬಿ ಕನ್ವರ್ಟರ್, ಆ ಕಡೆ ಉಬುಂಟು ಹಾಕಿದ ಹಳೇ ಡೆಸ್ಕ್‌ಟಾಪ್. ಸ್ಪೀಡ್ ಸೆಕೆಂಡಿಗೆ 9600 ಬಿಟ್. ಮಿನಿಕಾಮ್‌ನಲ್ಲಿ (ಸೀರಿಯಲ್ ಪೋರ್ಟ್‌ಗೆ ಬಂದದ್ದನ್ನು ತೋರಿಸುವ ರೆಡಿಮೇಡ್ ಪ್ರೋಗ್ರಾಂ) ತೂಕ ಚೆನ್ನಾಗಿ ಕಾಣುತ್ತದೆ. ನಾನು ಬರೆದ ಸಿ ಪ್ರೋಗ್ರಾಂ ಮಾತ್ರ ರೀಡ್ (ಪೋರ್ಟ್‌ನಿಂದ ಓದುವ ಕರೆ) ಹತ್ತಿರ ಬಂದು ಕೂತುಬಿಡುತ್ತದೆ. ಅದನ್ನೇ ಸಿಸ್ಟಮ್‌ಡಿ ಸರ್ವಿಸ್ (ಸಿಸ್ಟಮ್ ತಾನೇ ಹಿನ್ನೆಲೆಯಲ್ಲಿ ಓಡಿಸುವಂತೆ) ಮಾಡಿದರೆ ಕೂರುವುದೂ ಇಲ್ಲ, ಶುರುವಾದ ಕೂಡಲೇ ನಿಲ್ಲುತ್ತದೆ. ಫೇಲ್ ಅಂತಲೂ ತೋರಿಸಲ್ಲ. ಪ್ಯಾಕೆಟ್ ಹೀಗಿದೆ: ಮೊದಲು 02, ಆಮೇಲೆ ತೂಕದ ಅಂಕಿ, ಕೊನೆಗೆ 03. ಹೊಸ ಸಾಲಿನ ಗುರುತು ಇಲ್ಲ. ಹೊಸ ತೊಗರಿ ಬರೋದರೊಳಗೆ ಇದು ಓಡಬೇಕು.

ಕೋಟೆ ಪಕ್ಕದವ, ಬೀದರ್

ತಮ್ಮಾ, ಕೊನೆಯಲ್ಲಿರುವ ಆ 03 ನೋಡು. ಅಕ್ಷರಗಳಿಗೆ ಅಂಕಿ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದು ಇಟಿಎಕ್ಸ್, ಸಂದೇಶ ಮುಗೀತು ಅನ್ನೋ ಗುರುತು. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸೋಕೆ ಕೀಬೋರ್ಡ್‌ನಲ್ಲಿ ಕಂಟ್ರೋಲ್-ಸಿ ಒತ್ತಿದಾಗ ಹೋಗುವ ಬೈಟೂ ಅದೇ. ನಿನ್ನ ಕಾಟಾ ಪ್ರತಿ ಸಲ ತೂಕ ಹೇಳಿ, ಹಿಂದೆಯೇ ಕಂಟ್ರೋಲ್-ಸಿ ಒತ್ತುತ್ತಿದೆ!

ಲಿನಕ್ಸ್‌ಗೆ ಸೀರಿಯಲ್ ಪೋರ್ಟ್ ಅಂದರೆ ಅದೂ ಒಂದು ಟಿಟಿವೈ, ಅಂದರೆ ಟರ್ಮಿನಲ್. ಡ್ರೈವರ್ ತಂದ ಬೈಟ್ ನೇರ ನಿನ್ನ ಪ್ರೋಗ್ರಾಂಗೆ ಬರಲ್ಲ. ನಡುವೆ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಲೈನ್ ಡಿಸಿಪ್ಲಿನ್ ಅಂತ ಒಂದು ಪದರ ಇದೆ. ಬೇರೆ ಏನೂ ಹೇಳದಿದ್ದರೆ ಅಲ್ಲಿರುವುದು ಎನ್-ಟಿಟಿವೈ. ಟೆಲಿಟೈಪ್ ಮುಂದೆ ಮನುಷ್ಯ ಕೂತು ಟೈಪ್ ಮಾಡುತ್ತಿದ್ದ ಕಾಲದ ರಿವಾಜು ಅದರದು. ಎಂಟರ್ ಬರುವ ತನಕ ಅಕ್ಷರ ಕೂಡಿಡುತ್ತದೆ. ಬ್ಯಾಕ್‌ಸ್ಪೇಸ್ ಬಂದರೆ ಅಳಿಸುತ್ತದೆ. ಬಂದದ್ದನ್ನೆಲ್ಲ ವಾಪಸ್ ಎಕೋ ಮಾಡುತ್ತದೆ. 03 ಬಂದರೆ ಪ್ರೋಗ್ರಾಂಗೆ ನಿಲ್ಲು ಅನ್ನೋ ಸಿಗ್ನಲ್ (ಸಿಗ್‌ಇಂಟ್) ಕಳಿಸುತ್ತದೆ. ಆ ಕಡೆ ಇರೋದು ಮನುಷ್ಯನೋ ಕಾಟಾನೋ ಅದಕ್ಕೇನು ಗೊತ್ತು?

ಟರ್ಮಿನಲ್‌ನಿಂದ ಓಡಿಸಿದಾಗ ನಿನ್ನ ಪ್ರೋಗ್ರಾಂನ ಕಂಟ್ರೋಲಿಂಗ್ ಟರ್ಮಿನಲ್ (ಯಾವುದರ ಕಂಟ್ರೋಲ್-ಸಿ ಅದಕ್ಕೆ ತಾಗುತ್ತದೋ ಅದು) ಬೇರೆ. ಹಾಗಾಗಿ ಕಾಟಾದ ಕಂಟ್ರೋಲ್-ಸಿ ನಿನಗೆ ತಾಗಲ್ಲ, ಸಾಯಲ್ಲ. ಆದರೆ 03 ಬಂದಾಗ ಕರ್ನಲ್ ಸಿಗ್ನಲ್ ಜೊತೆಗೆ ಅಲ್ಲಿಯವರೆಗೆ ಕೂಡಿಟ್ಟ ಇನ್‌ಪುಟ್ ಅನ್ನೂ ಚೆಲ್ಲಿಬಿಡುತ್ತದೆ. ತೂಕ ಬಂತು, ಹೋಯ್ತು. ಚೆಲ್ಲದಿದ್ದರೂ ಹೊಸ ಸಾಲಿನ ಗುರುತು ಇಲ್ಲದೆ ಅದನ್ನು ನಿನಗೆ ಬಿಟ್ಟುಕೊಡುತ್ತಿರಲಿಲ್ಲ.

ಸರ್ವಿಸ್ ಕಥೆ ಇನ್ನೂ ಮಜಾ ಇದೆ. ಸಿಸ್ಟಮ್‌ಡಿ ಅದನ್ನು ಹೊಸ ಸೆಷನ್‌ನಲ್ಲಿ, ಕಂಟ್ರೋಲಿಂಗ್ ಟರ್ಮಿನಲ್ ಇಲ್ಲದೆ ಶುರು ಮಾಡುತ್ತದೆ. ಅಂಥ ಪ್ರೋಗ್ರಾಂ ಯಾವುದಾದರೂ ಟಿಟಿವೈ ತೆರೆದರೆ ಅದೇ ಅದರ ಕಂಟ್ರೋಲಿಂಗ್ ಟರ್ಮಿನಲ್ ಆಗಿಬಿಡುತ್ತದೆ. ಆಮೇಲೆ ಮೊದಲ 03 ಬಂದ ಕೂಡಲೇ ಸಿಗ್‌ಇಂಟ್, ಪ್ರೋಗ್ರಾಂ ಖಲಾಸ್. ಸಿಗ್‌ಇಂಟ್‌ನಿಂದ ನಿಂತದ್ದನ್ನು ಸಿಸ್ಟಮ್‌ಡಿ ಸರಿಯಾಗಿ ಮುಗಿದದ್ದು ಅಂತಲೇ ಲೆಕ್ಕ ಹಾಕುತ್ತದೆ. ಅದಕ್ಕೇ ಫೇಲ್ ಅಂತ ಬರಲ್ಲ. ರೀಸ್ಟಾರ್ಟ್ ಅನ್ನು ಆನ್-ಫೇಲ್ಯೂರ್ ಅಂತ ಇಟ್ಟಿದ್ದರೂ ಮತ್ತೆ ಏಳಲ್ಲ.

ಮದ್ದು ಸಣ್ಣದು. ಪೋರ್ಟ್ ತೆರೆಯುವಾಗ ಓ-ನೋಸಿಟಿಟಿವೈ ಸೇರಿಸು, ಆಗ ಅದು ಕಂಟ್ರೋಲಿಂಗ್ ಟರ್ಮಿನಲ್ ಆಗಲ್ಲ. ಟಿಸಿಗೆಟ್ಅಟ್ರ್‌ನಿಂದ ಪೋರ್ಟ್ ಸೆಟ್ಟಿಂಗ್ ತೆಗೆದುಕೊಂಡು, ಸಿಎಫ್‌ಮೇಕ್‌ರಾ ಕರೆದು ರಾ ಮೋಡ್ (ಬೈಟ್ ಬಂದ ಹಾಗೇ ಕೊಡುವ ರೀತಿ) ಮಾಡಿ, ಟಿಸಿಸೆಟ್ಅಟ್ರ್‌ನಿಂದ ವಾಪಸ್ ಹಾಕು. ಆಮೇಲೆ ಸೆಟ್ಟಿಂಗ್ ತೋರಿಸುವ ಎಸ್‌ಟಿಟಿವೈ ಕಮಾಂಡ್‌ಗೆ -ಎಫ್ ಅಂತ ಪೋರ್ಟ್ ಹೆಸರು ಕೊಟ್ಟು -ಎ ಹಾಕಿ ನೋಡು. ಐಕ್ಯಾನನ್ (ಸಾಲು ಕೂಡಿಡುವುದು), ಐಸಿಗ್ (ಸಿಗ್ನಲ್ ಕಳಿಸುವುದು), ಎಕೋ ಮೂರರ ಮೊದಲೂ ಮೈನಸ್ ಗುರುತು, ಅಂದರೆ ಆಫ್, ಇರಬೇಕು. ಎಕೋ ಇದ್ದರೆ ಏನಾಯ್ತು ಅನ್ನಬೇಡ, ಬಂದ ತೂಕವೆಲ್ಲ ಇಂಡಿಕೇಟರ್‌ಗೇ ವಾಪಸ್ ಹೋಗುತ್ತಿರುತ್ತದೆ. ಮಿನಿಕಾಮ್ ಇದನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಸರಿ ಕಂಡದ್ದು.

ಸಲೀಸು, ಕಲಬುರಗಿ

ಇಷ್ಟೆಲ್ಲ ಯಾಕೆ ಅಣ್ಣ? ಪೈಥಾನ್‌ನಲ್ಲಿ ಪೈಸೀರಿಯಲ್ ಲೈಬ್ರರಿ ಹಾಕಿದರೆ ಮುಗೀತಲ್ವಾ?

ಹತ್ತಿ ಮಿಲ್ ಅಕ್ಕ, ಶಹಾಪುರ (ಯಾದಗಿರಿ)

ಪೈಸೀರಿಯಲ್ ಒಳ್ಳೆಯದೇ, ರಾ ಮೋಡ್ ತಾನೇ ಹಾಕುತ್ತದೆ. ಆದರೆ ನಾನು ಹೇಳಹೊರಟ ತಲೆನೋವು ಅದರಲ್ಲೂ ಬರುತ್ತದೆ.

ಮೊದಲನೆಯದು, ರಾ ಮಾಡಿದ ಮೇಲೆ ಸಾಲು, ಪ್ಯಾಕೆಟ್ ಅನ್ನೋದು ಕರ್ನಲ್‌ಗೆ ಇಲ್ಲ. 9600ರಲ್ಲಿ, 8 ಬಿಟ್, ಒಂದು ಸ್ಟಾರ್ಟ್ ಬಿಟ್, ಒಂದು ಸ್ಟಾಪ್ ಬಿಟ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್. ಒಂದು ಬೈಟಿಗೆ ಒಂದು ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ನಿಮ್ಮ ರೀಡ್ ಒಮ್ಮೆ ಮೂರು ಬೈಟ್ ತರಬಹುದು, ಇನ್ನೊಮ್ಮೆ ಉಳಿದ ಬಾಲ ಮತ್ತು ಮುಂದಿನ ಪ್ಯಾಕೆಟ್‌ನ ತಲೆ ಒಟ್ಟಿಗೆ ತರಬಹುದು. 18450 ಕೆಜಿ ಬರಬೇಕಾದಲ್ಲಿ ಸುಮ್ನೆ 184 ಅಂತ ಬರುತ್ತದೆ. 02 ಸಿಕ್ಕ ಮೇಲೆ ಕೂಡಿಸುತ್ತಾ ಹೋಗಿ, 03 ಸಿಕ್ಕಾಗ ಮಾತ್ರ ಅಂಕಿ ಓದಿ. ವಿಮಿನ್, ವಿಟೈಮ್ (ರೀಡ್ ಎಷ್ಟು ಬೈಟ್‌ಗೆ, ಎಷ್ಟು ಹೊತ್ತು ಕಾಯಬೇಕು ಅನ್ನೋ ಸೆಟ್ಟಿಂಗ್) ಹೇಗೆ ತಿರುವಿದರೂ ಈ ಕೆಲಸ ತಪ್ಪಲ್ಲ.

ಎರಡನೆಯದೇ ಅಪಾಯ. ಇಂಡಿಕೇಟರ್ ಬಿಡುವಿಲ್ಲದೆ ತೂಕ ಕಳಿಸುತ್ತಲೇ ಇರುತ್ತದೆ. ನೀವು ಓದುವುದು ಆಪರೇಟರ್ ಬಟನ್ ಒತ್ತಿದಾಗ. ನಡುವೆ ಬಂದದ್ದು ಎಲ್ಲಿಗೆ ಹೋಗುತ್ತೆ? ಎನ್-ಟಿಟಿವೈಯ 4096 ಬೈಟ್ ಬಫರ್‌ನಲ್ಲಿ ಸಾಲಾಗಿ ನಿಂತಿರುತ್ತದೆ, ಹಳೆಯದು ಮುಂದೆ. ಈ ಲಾರಿ ಕಾಟಾ ಮೇಲೆ ನಿಂತಿರುವಾಗ ಹಿಂದಿನ ಲಾರಿಯ ತೂಕ ಸ್ಲಿಪ್ ಮೇಲೆ ಬಂದರೆ ರೈತರು ಬಿಡ್ತಾರಾ? ಓದುವ ಮುಂಚೆ ಟಿಸಿಫ್ಲಶ್‌ನಿಂದ ಇನ್‌ಪುಟ್ ಖಾಲಿ ಮಾಡಿ, ಆಮೇಲೆ ಬಂದ ಮೊದಲ ಪೂರ್ತಿ ಪ್ಯಾಕೆಟ್ ನಂಬಿ. ಪೈಸೀರಿಯಲ್‌ನಲ್ಲಿ ರೀಸೆಟ್-ಇನ್‌ಪುಟ್-ಬಫರ್ ಅಂತ ಇದೆ. ಇದಕ್ಕಿಂತ ಒಳ್ಳೆಯದು ಒಂದು ಥ್ರೆಡ್ ಸದಾ ಓದುತ್ತಾ ಕೊನೆಯ ತೂಕವನ್ನಷ್ಟೇ ಇಟ್ಟುಕೊಳ್ಳುವುದು. ನನ್ನ ಓಟು ಅದಕ್ಕೇ.

ಯುಎಸ್‌ಬಿ ಕನ್ವರ್ಟರ್ ಕಿತ್ತರೆ ರೀಡ್ ಸೊನ್ನೆ ಕೊಡುತ್ತದೆ, ಅದನ್ನು ನೋಡದ ಲೂಪ್ ಸಿಪಿಯು ತಿನ್ನುತ್ತಾ ಸುತ್ತುತ್ತದೆ. ಮತ್ತೆ ಚುಚ್ಚಿದಾಗ ಪೋರ್ಟ್ ಹೆಸರು ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ1 ಆಗಬಹುದು. ಡೆವ್ ಒಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಅಂತ ಫೋಲ್ಡರ್ ಇದೆ, ಅಲ್ಲಿನ ಹೆಸರು ಬಳಸಿ.

ಗಂಜ್ ಹುಡುಗ, ಕಲಬುರಗಿ

ಅಣ್ಣಾ, ಅಕ್ಕಾ, ಸರ್ವಿಸ್ ನಿಂತಿತು, ಅಂದರೆ ನಿಲ್ಲದೆ ನಿಂತಿತು! ತೂಕ ಬರ್ತಿದೆ. ಇನ್ನೊಂದು ಕೇಳ್ತೀನಿ. ಅದೇ ಡೆಸ್ಕ್‌ಟಾಪ್‌ನಲ್ಲಿ ಊರಿನ ಹೆಸರು ಕನ್ನಡದಲ್ಲಿ ಟೈಪ್ ಮಾಡಿಸ್ತೀನಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಪಕ್ಕದಲ್ಲಿರುವ "ಊರು:" ಅನ್ನೋದೂ ಅಳಿಸಿ ಹೋಗ್ತಿದೆ.

ಕೋಟೆ ಪಕ್ಕದವ, ಬೀದರ್

ಅದೂ ಅದೇ ಲೈನ್ ಡಿಸಿಪ್ಲಿನ್ ಕೆಲಸ. "ಕಲಬುರಗಿ" ಯೂನಿಕೋಡ್‌ನಲ್ಲಿ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಐಯುಟಿಎಫ್8 ಅನ್ನೋ ಟಿಟಿವೈ ಸೆಟ್ಟಿಂಗ್ ಆನ್ ಇದ್ದರೆ ಕರ್ನಲ್ ಒಂದು ಬ್ಯಾಕ್‌ಸ್ಪೇಸ್‌ಗೆ ಒಂದು ಸಂಕೇತ ತೆಗೆಯುತ್ತದೆ, ಇಲ್ಲದಿದ್ದರೆ ಒಂದೇ ಬೈಟ್. ಆದರೆ "ಗಿ"ಯಲ್ಲಿ ಎರಡು ಸಂಕೇತ ಇವೆ, ಗ ಮತ್ತು ಗುಡಿಸು. ಗುಡಿಸು ಪರದೆ ಮೇಲೆ ಬೇರೆ ಜಾಗ ಹಿಡಿಯಲ್ಲ. ನಾನು ಬಳಸುವ ಕರ್ನಲ್‌ಗೆ ಅದು ತಿಳಿಯಲ್ಲ. ಗುಡಿಸು ತೆಗೆದಾಗಲೂ ಕರ್ಸರನ್ನು ಒಂದು ಮನೆ ಹಿಂದೆ ತಳ್ಳುತ್ತದೆ, ಕೊನೆಗೆ ನಿನ್ನ "ಊರು:" ತಿನ್ನುತ್ತದೆ. ಎಸ್‌ಟಿಟಿವೈನಲ್ಲಿ ಐಯುಟಿಎಫ್8 ಇದೆಯಾ ನೋಡು. ಆದರೆ ಹೆಸರು ತುಂಬಿಸುವ ಜಾಗಕ್ಕೆ ರೀಡ್‌ಲೈನ್ ಲೈಬ್ರರಿ ಹಾಕುವುದೇ ಸರಿ. ಅದು ಟರ್ಮಿನಲ್‌ನ ಐಕ್ಯಾನನ್ ಆಫ್ ಮಾಡಿ ಅಳಿಸುವ ಕೆಲಸ ತಾನೇ ವಹಿಸಿಕೊಳ್ಳುತ್ತದೆ. ಪ್ರೋಗ್ರಾಂ ನಡುವೆ ಸತ್ತು, ಟೈಪ್ ಮಾಡಿದ್ದು ಪರದೆ ಮೇಲೆ ಕಾಣದಂತಾದರೆ ಗಾಬರಿ ಬೇಡ, ಎಸ್‌ಟಿಟಿವೈ ಸೇನ್ ಅಂತ ಕುರುಡಾಗಿಯೇ ಟೈಪ್ ಮಾಡಿ ಎಂಟರ್ ಒತ್ತು.