ಅಪ್‌ಡೇಟ್: ಮೋಟರ್‌ಹೋಮ್ ಹಿಂದೆ ಎಳೆಯುವ ಕಾರಿನ ಬ್ಯಾಟರಿ ಇಳಿಯುತ್ತಿದ್ದುದು ಸರಿಹೋಯಿತು

ಮೋಟರ್‌ಹೋಮಿನ (ಒಳಗೇ ವಾಸಿಸಬಹುದಾದ ದೊಡ್ಡ ವಾಹನ) ಹಿಂದೆ ಕಾರನ್ನು ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆದರೆ ಕಾರಿನ ಬ್ಯಾಟರಿ ಯಾಕೆ ಖಾಲಿಯಾಗುತ್ತದೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು. ಈ ಕಾರಿನಲ್ಲಿ ಸ್ಟೀರಿಂಗ್ ಲಾಕ್ ಆಗದಿರಲು ಕೀ ಆಕ್ಸೆಸರಿಯಲ್ಲೇ (ಎಂಜಿನ್ ಓಡದಿದ್ದರೂ ಕೆಲವು ಉಪಕರಣಗಳಿಗೆ ಕರೆಂಟ್ ಹೋಗುವ ಸ್ಥಾನ) ಇರಬೇಕು. ಎಂಜಿನ್ ಓಡದ್ದರಿಂದ ಆಲ್ಟರ್ನೇಟರ್ ಚಾರ್ಜ್ ಮಾಡುವುದಿಲ್ಲ, ಮೇಲಿಂದ ಎಳೆಯುವಾಗ ಕಾರಿನ ಬ್ರೇಕ್ ಹಾಕುವ ಸಹಾಯಕ ಬ್ರೇಕಿನ ಪಂಪ್ ಬೇರೆ ಕರೆಂಟ್ ಎಳೆಯುತ್ತದೆ. ಮೋಟರ್‌ಹೋಮಿನಿಂದ 12 ವೋಲ್ಟಿನ ಚಾರ್ಜ್ ಲೈನ್ ಎಳೆದೆ. ಎರಡೂ ತುದಿಯಲ್ಲಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆ. ವೈರ್ ದಪ್ಪಗಿರಲೇಬೇಕು. ತೆಳುವಾಗಿದ್ದರೆ ಅಷ್ಟು ಉದ್ದದಲ್ಲಿ ವೋಲ್ಟೇಜ್ ಬಿದ್ದುಹೋಗಿ, ಲೈನ್ ಇದ್ದೂ ಚಾರ್ಜ್ ಆಗುವುದಿಲ್ಲ. ಇದನ್ನು ಕಡೆಗಣಿಸಬೇಡಿ: ಬ್ಯಾಟರಿ ಸತ್ತರೆ, ಕೊಂಡಿ ಕಳಚಿದಾಗ ಕಾರನ್ನು ನಿಲ್ಲಿಸಬೇಕಾದ ಬ್ರೇಕ್‌ಅವೇ ಕೂಡ ಕೆಲಸ ಮಾಡದು.

ಟೋ ಬಾರ್ (ಎರಡೂ ವಾಹನಗಳನ್ನು ಜೋಡಿಸುವ ಕಬ್ಬಿಣದ ಸಲಾಕೆ) ಹೆಚ್ಚುಕಡಿಮೆ ಮಟ್ಟವಾಗಿರಲಿ, ಎರಡು ತುದಿಗಳ ಏರುಪೇರು ಸುಮಾರು 3 ಇಂಚು ಮೀರಬಾರದು. ರಿವರ್ಸ್ ಮಾತ್ರ ಬೇಡವೇ ಬೇಡ. ಮುಂಚಕ್ರ ಅಡ್ಡ ತಿರುಗಿ ಬಾರ್ ಬಾಗುತ್ತದೆ.