ಟೇಲರ್ ಕೈಗೆ ಕ್ಯಾಮೆರಾ

ನಮ್ಮ ಟೇಲರ್ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಿದ್ದಾನೆ. ಕೊಪ್ಪಳದ ಸಂತೆಯಲ್ಲಿ ತೆಗೆದ ಫೋಟೋಗಳನ್ನು ಮಿರ್ಚಿ ಮಂಡಕ್ಕಿ ತಿನ್ನುತ್ತಾ ತೋರಿಸಿದ. ಎಲ್ಲಾ ಬೆನ್ನೇ.

"ಜನ ಎಲ್ಲೋ ದೋಸ್ತ?" ಅಂದೆ.

"ಇವರು ಜನ ಅಲ್ವಾ?"

"ಇವು ಅಂಗಿ. ಅಳತೆ ತಗೊಳ್ಳೋಕೆ ಹೋಗಿದ್ಯಾ?" ಅಂದರು ಮಾಸ್ತರು.

"ಎದುರಿಗೆ ನಿಂತು ಕ್ಯಾಮೆರಾ ಎತ್ತೋಕೆ ಧೈರ್ಯ ಸಾಲಲ್ಲ ಮಾಸ್ತರ್."

ಮಾಸ್ತರು ಸಿಕ್ಕಿದ್ದನ್ನೆಲ್ಲ ಓದೋರು. "ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸೊನ್ ತನ್ನ ಲೈಕಾ ಕ್ಯಾಮೆರಾದ ಹೊಳೆಯೋ ಭಾಗಕ್ಕೆ ಕಪ್ಪು ಟೇಪ್ ಅಂಟಿಸ್ತಿದ್ದನಂತೆ. ಜನರ ಕಣ್ಣಿಗೆ ಬೀಳಬಾರದು ಅಂತ."

"ಕ್ಯಾಮೆರಾಗೆ ಟೇಪ್ ಹಚ್ಚಬಹುದು. ಇವನಿಗೇನು ಹಚ್ಚೋದು? ಅರ್ಧ ಬಜಾರಿನ ಅಂಗಿ ಹೊಲಿದೋನೇ ಇವನು," ಅಂದೆ.

"ಹೌದು ನೋಡು. ಕ್ಯಾಮೆರಾ ಎತ್ತಿದ್ರೆ ಸಾಕು, ನನ್ನ ಪ್ಯಾಂಟ್ ಯಾವಾಗ ಕೊಡ್ತಿ ಅಂತಾರೆ."

"ಹಾಗಾದ್ರೆ ಗವಿಮಠದ ಜಾತ್ರೆಗೆ ಹೋಗು. ಲಕ್ಷಗಟ್ಟಲೆ ಜನ. ತೇರಿಗೆ ಉತ್ತತ್ತಿ ಎಸೆಯೋರು ನಿನ್ನ ಕಡೆ ಯಾಕೆ ನೋಡ್ತಾರೆ?"

"ಜನವರಿ ತನಕ ಸುಮ್ನೆ ಕೂತ್ಕೊಳ್ಳಾ?"

ಅವನ ಇನ್ನೊಂದು ತಕರಾರು ಫೋಕಸ್ಸಿನದು. ಫೋಕಸ್ ಆಗೋದ್ರೊಳಗೆ ಆಸಾಮಿ ಬಸ್ ಹತ್ತಿರ್ತಾನೆ. ಇದಕ್ಕೆ ಮದ್ದು ನನಗೆ ಗೊತ್ತಿತ್ತು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, ಅಗಲಕ್ಕೆ ಕಾಣೋ 28 ಎಂಎಂ ಲೆನ್ಸ್. ಅಪರ್ಚರ್, ಅಂದ್ರೆ ಲೆನ್ಸಿನೊಳಗೆ ಬೆಳಕು ಬಿಡೋ ಕಿಂಡಿ, ಎಫ್ 8ರಷ್ಟು ಕಿರಿದು ಮಾಡಿಟ್ಟು, ಫೋಕಸ್ಸನ್ನು ಕೈಯಿಂದಲೇ ಎರಡೂವರೆ ಮೀಟರಿಗೆ ನಿಲ್ಲಿಸಿಬಿಡೋದು. ಸುಮಾರು ಒಂದೂವರೆ ಮೀಟರಿಂದ ಹತ್ತು ಮೀಟರ್ ತನಕ ಯಾರು ಬಂದರೂ ಚೊಕ್ಕ ಬರುತ್ತಾರೆ.

ಟೇಲರ್ ಮುಖ ಅರಳಿತು. "ಎರಡೂವರೆ ಮೀಟರ್ ಅಂದ್ರೆ ತುಂಬು ತೋಳಿನ ಅಂಗಿಗೆ ಹಿಡಿದು ಸ್ವಲ್ಪ ಉಳಿಯುತ್ತೆ. ಕಣ್ಣಳತೆ ನನಗೆ ಬಿಡು."

ಮುಂದಿನ ಸಂತೆಗೆ ಹೋಗಿ ಬಂದವನು ಒಂದು ಮುಖ ತಂದಿದ್ದ. ಸೊಪ್ಪು ಮಾರುವ ಮುದುಕಿಯನ್ನು, "ಯವ್ವಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿದನಂತೆ. ಆಕೆ ಸೆರಗು ತಲೆಗೆ ಎಳೆದುಕೊಂಡು, ಆಧಾರ್ ಕಾರ್ಡಿಗೆ ಕೂತವಳ ಹಾಗೆ ಬಿಗಿದುಕೊಂಡಳು. ಕ್ಲಿಕ್. ಮುಗೀತು ಅಂತ ಆಕೆ ಸಡಿಲಾಗೋ ಹೊತ್ತಿಗೆ ಆಡೊಂದು ಕೊತ್ತಂಬರಿ ಸಿವುಡಿಗೆ ಬಾಯಿ ಹಾಕಿತು. ತಕ್ಕಡಿ ಎತ್ತಿದ ಕೈ, ಜಾರಿದ ಸೆರಗು, ಬಯ್ಯೋಕೆ ತೆರೆದ ಬಾಯಿ. ಕ್ಲಿಕ್.

ಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಕೇಳಿದ್ದು ಒಂದಕ್ಕೆ. ಎರಡನೇದಕ್ಕೆ ಒಪ್ಪಿದಳಾ?"

"ಆಗಲೇ ತೋರಿಸಿದೆ ಮಾಸ್ತರ್. ಬೇಡ ಅಂದಿದ್ರೆ ಅಲ್ಲೇ ಅಳಿಸ್ತಿದ್ದೆ. ಮೊದಲನೇದು ಇಟ್ಕೋ ಬಿಡು ಅಂದಳು. ಎರಡನೇದಕ್ಕೆ ಪ್ರಿಂಟ್ ಬೇಕಂತೆ."

"ಗೋಡೆಗೆ ಹಾಕೋಕಾ?"

"ಆಡಿನ ಮಾಲೀಕನ ಹತ್ರ ದುಡ್ಡು ವಸೂಲಿ ಮಾಡೋಕೆ."