ಹತ್ತನೇ ವಾರದಲ್ಲಿ ಕೆಂಪೇರಿ ಗಟ್ಟಿಯಾದ ಹೊಲಿಗೆಯ ಕಲೆ: ಇದು ಸಹಜವೇ?

ಪ್ರಶ್ನೆ

ಹೊಟ್ಟೆಯ ಸಡಿಲ ಚರ್ಮವನ್ನು ತೆಗೆದು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನನಗೆ ಈಗ ಹತ್ತು ವಾರಗಳಾಗಿವೆ. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕಿಬ್ಬೊಟ್ಟೆಯ ಮೇಲೆ ಅಡ್ಡಲಾಗಿ ಕಲೆಯಿದೆ. ಹೊಲಿಗೆ ಬಿಚ್ಚಿದ ದಿನ ಅದು ಪೆನ್ಸಿಲಿನಿಂದ ಎಳೆದ ಗೆರೆಯಷ್ಟು ತೆಳುವಾಗಿತ್ತು, ಕಂಡು ಸಮಾಧಾನಪಟ್ಟಿದ್ದೆ. ಆರನೇ ವಾರದಿಂದೀಚೆಗೆ ಅದು ಕೆಂಪೇರುತ್ತಾ ಬಂದಿದೆ. ನಡುಭಾಗದಲ್ಲಿ ನಾಲ್ಕು ಬೆರಳಗಲದಷ್ಟು ಜಾಗವಂತೂ ಮುಟ್ಟಿದರೆ ಚರ್ಮದ ಅಡಿಯಲ್ಲಿ ಹುರಿ ಹೊಸೆದು ಇಟ್ಟಂತೆ ಗಟ್ಟಿಯಾಗಿದೆ. ರಾತ್ರಿ ಹೊತ್ತು ನವೆಯೂ ಇರುತ್ತದೆ. ನೋವಿಲ್ಲ, ಕೀವಿಲ್ಲ, ಜ್ವರವಿಲ್ಲ. ಮಾಯುತ್ತಿದ್ದ ಗಾಯ ಮತ್ತೆ ಕೆಡುತ್ತಿದೆಯೇ, ಅಥವಾ ಕಲೆ ಮಿತಿಮೀರಿ ಬೆಳೆಯುವ ಕೀಲಾಯ್ಡ್ ಎನ್ನುವುದು ಇದೇ ಏನು ಎಂಬ ಭಯ ನನ್ನನ್ನು ಕಾಡುತ್ತಿದೆ. ಇದು ತಿಳಿಯಾಗಲು ಎಷ್ಟು ಕಾಲ ಬೇಕು, ಮತ್ತು ಈ ನಡುವೆ ನಾನು ಮಾಡಬೇಕಾದದ್ದೇನು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ವೈದ್ಯನಾಗಿ ಬರೆಯುತ್ತಿದ್ದೇನೆ. ನೀವು ಹೇಳಿರುವ ಲಕ್ಷಣಗಳು ಹತ್ತನೇ ವಾರದ ಕಲೆಗೆ ಸಹಜವಾದವು. ಇದೇ ಹೊತ್ತಿಗೆ ಇದೇ ಭಯದಿಂದ ಮರಳಿ ಬಂದವರನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಕಲೆ ಎರಡನೇ ತಿಂಗಳಿಂದ ನಾಲ್ಕನೇ ತಿಂಗಳವರೆಗೆ ಅತ್ಯಂತ ಕೆಟ್ಟದಾಗಿ ಕಾಣುತ್ತದೆ ಎಂಬ ಮಾತನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಿಬಿಟ್ಟರೆ ಎಷ್ಟೋ ಮಂದಿಯ ನಿದ್ದೆ ಉಳಿಯುತ್ತದೆ.

ಹೀಗಾಗುವುದು ಏಕೆಂದರೆ, ಹೊಲಿಗೆ ಬಿಚ್ಚುವಾಗ ಗಾಯದ ಬಾಯಿ ಮುಚ್ಚಿರುತ್ತದೆಯೇ ಹೊರತು ಒಳಗಿನ ಕೆಲಸ ಮುಗಿದಿರುವುದಿಲ್ಲ. ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟಿ, ಬಿಳಿ ರಕ್ತಕಣಗಳು ಜಾಗವನ್ನು ಶುಚಿ ಮಾಡುತ್ತವೆ. ಆಮೇಲೆ ಕೊಲಾಜೆನ್ ಎಂಬ ನಾರನ್ನು ದೇಹ ಅವಸರದಲ್ಲಿ ತುಂಬತೊಡಗುತ್ತದೆ, ಅದಕ್ಕೆ ಬೇಕಾದ ಪೋಷಣೆಗಾಗಿ ಕೂದಲಿಗಿಂತ ಸಣ್ಣ ಹೊಸ ರಕ್ತನಾಳಗಳು ಅಲ್ಲಿಗೆ ಹಬ್ಬುತ್ತವೆ. ಇಷ್ಟಾದರೂ ಮೂರನೇ ವಾರದ ಕೊನೆಯಲ್ಲಿ ಆ ಗೆರೆಯ ಬಲ ಸಹಜ ಚರ್ಮದ ಬಲದ ಸುಮಾರು ಐದನೇ ಒಂದು ಭಾಗದಷ್ಟೇ ಇರುತ್ತದೆ. ಆದ್ದರಿಂದ ದೇಹ ಇನ್ನೂ ಹಲವು ವಾರ ನಾರನ್ನು ಪೇರಿಸುತ್ತಲೇ ಹೋಗುತ್ತದೆ. ನಿಮ್ಮ ಕೈಗೆ ತಾಗುತ್ತಿರುವ ಹುರಿ ಆ ನಾರು, ಕಣ್ಣಿಗೆ ಕಾಣುತ್ತಿರುವ ಕೆಂಪು ಆ ರಕ್ತನಾಳಗಳು. ಪಾರದರ್ಶಕವಾದ ಒಂದು ಗಾಜಿನ ಲೋಟದ ತಳವನ್ನು ಕಲೆಯ ಮೇಲೆ ಮೆಲ್ಲನೆ ಒತ್ತಿ ನೋಡಿ: ಕೆಂಪು ಮಾಸಿ ಬಿಳಿಚಿಕೊಂಡು, ತೆಗೆದ ಕೂಡಲೇ ಮರಳಿ ಬಂದರೆ, ಅದು ನಾಳಗಳಲ್ಲಿ ಹರಿಯುವ ರಕ್ತದ ಬಣ್ಣವೇ ಎಂದು ನಿಮಗೇ ತಿಳಿಯುತ್ತದೆ.

ಇಲ್ಲಿಂದ ಮುಂದೆ ದೇಹ ತಾನು ಪೇರಿಸಿದ್ದನ್ನು ತಾನೇ ಕರಗಿಸಿ, ಮೂರನೇ ಬಗೆಯ ಎಳೆಯ ಕೊಲಾಜೆನ್ನಿನ ಬದಲು ಒಂದನೇ ಬಗೆಯ ಗಟ್ಟಿ ಕೊಲಾಜೆನ್ನನ್ನು ಒಪ್ಪವಾಗಿ ಜೋಡಿಸುತ್ತದೆ. ಕೆಲಸವಿಲ್ಲದ ನಾಳಗಳು ಮುಚ್ಚಿಕೊಳ್ಳುತ್ತವೆ. ಆಗ ಕಲೆ ಚಪ್ಪಟೆಯಾಗಿ, ಮೆತ್ತಗಾಗಿ, ಬಣ್ಣ ಕಳೆದುಕೊಳ್ಳುತ್ತದೆ. ಇದಕ್ಕೆ ಹನ್ನೆರಡರಿಂದ ಹದಿನೆಂಟು ತಿಂಗಳು, ಕೆಲವರಲ್ಲಿ ಎರಡು ವರ್ಷವೂ ಬೇಕಾಗುತ್ತದೆ. ಬಲ ಶೇಕಡಾ 80ರಷ್ಟಕ್ಕೆ ಮರಳುತ್ತದೆ, ಪೂರ್ತಿ ಮರಳುವುದಿಲ್ಲ. ಆ ಗೆರೆಯಲ್ಲಿ ಕೂದಲ ಬುಡವಾಗಲಿ ಬೆವರಿನ ಗ್ರಂಥಿಯಾಗಲಿ ಮತ್ತೆ ಹುಟ್ಟುವುದಿಲ್ಲ. "ಕಲೆಯೇ ಉಳಿಯದ ಶಸ್ತ್ರಚಿಕಿತ್ಸೆ" ಎಂಬ ಜಾಹೀರಾತುಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಚರ್ಮದ ಪೂರ್ತಿ ದಪ್ಪಕ್ಕೆ ಕೊಯ್ದ ಮೇಲೆ ಕಲೆ ಉಳಿದೇ ಉಳಿಯುತ್ತದೆ. ಅದನ್ನು ಎಲ್ಲಿ ಮರೆಮಾಡಬೇಕು, ಎಷ್ಟು ತೆಳುವಾಗಿಸಬೇಕು ಎಂಬುದಷ್ಟೇ ಶಸ್ತ್ರಚಿಕಿತ್ಸಕರ ಕೈಯಲ್ಲಿದೆ.

ನಡುಭಾಗವೇ ಹೆಚ್ಚು ಗಟ್ಟಿಯಾಗಲು ಕಾರಣ ಅಲ್ಲಿನ ಎಳೆತ. 1861ರಲ್ಲಿ ಆಸ್ಟ್ರಿಯಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಶವಗಳ ಚರ್ಮವನ್ನು ದುಂಡು ಮೊನೆಯಿಂದ ಚುಚ್ಚಿ ನೋಡಿದಾಗ, ರಂಧ್ರಗಳು ದುಂಡಗೆ ಉಳಿಯದೆ ಒಂದು ದಿಕ್ಕಿಗೆ ಸೀಳಿನಂತೆ ಎಳೆದುಕೊಂಡವು. ಚರ್ಮಕ್ಕೆ ತನ್ನದೇ ಎಳೆತದ ಗೆರೆಗಳಿವೆ ಎಂಬುದು ಹಾಗೆ ಸ್ಪಷ್ಟವಾಯಿತು. ಕೊಯ್ತ ಆ ಗೆರೆಗುಂಟ ಇದ್ದರೆ ಕಲೆ ತೆಳುವಾಗುತ್ತದೆ, ನಿಮ್ಮ ಅಡ್ಡ ಕೊಯ್ತವೂ ಬಹುಮಟ್ಟಿಗೆ ಹಾಗೆಯೇ ಇದೆ. ಆದರೆ ಚರ್ಮವನ್ನು ಮೇಲಿನಿಂದ ಜಗ್ಗಿ ಹೊಲಿದಿರುವುದರಿಂದ, ಎಳೆತ ಅತಿ ಹೆಚ್ಚಿರುವ ನಟ್ಟನಡುವೆ ದೇಹ ಹೆಚ್ಚು ನಾರನ್ನು ಹಾಕುತ್ತದೆ. ಎಳೆತವೇ ಇಲ್ಲದ ಕಣ್ಣಿನ ರೆಪ್ಪೆಯ ಕಲೆ ಕೆಲವೇ ತಿಂಗಳಲ್ಲಿ ಹುಡುಕಿದರೂ ಸಿಗದಂತಾಗುವುದು ಇದೇ ಕಾರಣಕ್ಕೆ.

ಇನ್ನು ಕೀಲಾಯ್ಡ್. ಉಬ್ಬು ಕಲೆ ಎಷ್ಟೇ ಎತ್ತರವಾದರೂ ಕೊಯ್ತದ ಗಡಿಯೊಳಗೇ ಇರುತ್ತದೆ ಮತ್ತು ಕಾಲಕ್ರಮೇಣ ತಗ್ಗುತ್ತದೆ. ಕೀಲಾಯ್ಡ್ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹರಡುತ್ತದೆ, ತಾನಾಗಿ ತಗ್ಗುವುದಿಲ್ಲ. ಅದು ಎದೆಯ ನಡುಭಾಗ, ಭುಜ, ಕಿವಿಯ ಹಾಲೆಗಳಲ್ಲಿ ಹೆಚ್ಚು, ಕಪ್ಪು ಮೈಬಣ್ಣದವರಲ್ಲಿ ಮತ್ತು ಮನೆತನದಲ್ಲಿ ಇದ್ದವರಲ್ಲಿ ಇನ್ನೂ ಹೆಚ್ಚು. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಡಿ. ಅಗಲ ಬೆಳೆಯುತ್ತಾ ಹೋದರೆ ಕಾಯದೆ ನಿಮ್ಮ ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಉತ್ತರ 2

ಸ್ತನದ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆ ನನಗೆ ಎರಡು ವರ್ಷಗಳ ಹಿಂದೆ ಆಯಿತು. ಗಾಯ ಪೂರ್ತಿ ಮುಚ್ಚಿ, ಹಕ್ಕಳೆಯೆಲ್ಲ ಉದುರಿದ ಮೇಲೆ ವೈದ್ಯರು ಸಿಲಿಕೋನ್ ಹಾಳೆ ಹಾಕಲು ಹೇಳಿದರು. ದಿನಕ್ಕೆ ಕನಿಷ್ಠ ಹನ್ನೆರಡು ಗಂಟೆಯಂತೆ ಮೂರು ತಿಂಗಳು ಹಾಕಿಕೊಂಡೆ. ಹಾಳೆಯನ್ನು ಪ್ರತಿದಿನ ತೊಳೆದು, ಚರ್ಮವನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ಮತ್ತೆ ಅಂಟಿಸಬೇಕು. ಒಂದು ವಾರ ಅವಸರದಲ್ಲಿ ತೇವದ ಮೇಲೆಯೇ ಅಂಟಿಸಿ ಸಣ್ಣ ಗುಳ್ಳೆಗಳೆದ್ದು, ಹತ್ತು ದಿನ ಎಲ್ಲವನ್ನೂ ನಿಲ್ಲಿಸಬೇಕಾಯಿತು.

ಬೆರಳ ತುದಿಯಿಂದ ತೀಡುವುದನ್ನೂ ಅವರೇ ಕಲಿಸಿಕೊಟ್ಟರು: ಕಲೆ ಬಿಳಿಚುವಷ್ಟು ಒತ್ತಿ, ಬೆರಳು ಚರ್ಮದ ಮೇಲೆ ಜಾರದಂತೆ, ಚರ್ಮವೇ ಒಳಗಿನ ಪದರದ ಮೇಲೆ ಸರಿಯುವಂತೆ ವೃತ್ತಾಕಾರವಾಗಿ, ಬೆಳಿಗ್ಗೆ ಸಂಜೆ ಐದೈದು ನಿಮಿಷ. ನವೆ ಕಡಿಮೆಯಾದದ್ದು ನನಗೆ ಮುಖ್ಯವಾಗಿ ಇದರಿಂದಲೇ.

ಇಷ್ಟಾದರೂ ಎದೆಯ ನಡುವಿನತ್ತ ಬರುವ ತುದಿ ನಾಲ್ಕನೇ ತಿಂಗಳಲ್ಲಿ ಕಡಲೆಕಾಳಿನಷ್ಟು ಉಬ್ಬಿತು. ಅದಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ಐದು ವಾರಗಳ ಅಂತರದಲ್ಲಿ ಮೂರು ಬಾರಿ ಕೊಟ್ಟರು. ಉಬ್ಬು ಇಳಿಯಿತು, ಆದರೆ ಆ ಜಾಗದಲ್ಲಿ ಚರ್ಮ ತುಸು ಬಿಳಿಚಿ, ಸಣ್ಣ ಕುಳಿಯಂತೆ ಉಳಿದಿದೆ. ಹೀಗಾಗಬಹುದೆಂದು ಮೊದಲೇ ಹೇಳಿದ್ದರಿಂದ ನನಗೆ ಬೇಸರವಿಲ್ಲ. ಉಳಿದ ಕಲೆ ಹದಿನಾಲ್ಕನೇ ತಿಂಗಳ ಹೊತ್ತಿಗೆ ಮೈಬಣ್ಣಕ್ಕೆ ಹತ್ತಿರವಾಯಿತು.

ಉತ್ತರ 3

ಬಿಸಿಲಿನ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. ಕೆಂಪಾಗಿರುವ ಕಲೆಯ ಮೇಲೆ ಬಿಸಿಲು ಬಿದ್ದರೆ ಅಲ್ಲಿ ಮೆಲನಿನ್ ಹೆಚ್ಚಿ ಕಂದುಗಪ್ಪಾಗುತ್ತದೆ, ಕಲೆ ಚಪ್ಪಟೆಯಾದ ಮೇಲೂ ಆ ಕಪ್ಪು ಬಹುಕಾಲ ಉಳಿಯುತ್ತದೆ. ಕಿಬ್ಬೊಟ್ಟೆಗೆ ಬಟ್ಟೆಯ ಮರೆಯೇ ಸಾಕು. ಮುಖ, ಕತ್ತು, ತೋಳಿನಲ್ಲಿ ಕಲೆಯಿರುವವರು ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನನ್ನು ಕನಿಷ್ಠ ಒಂದು ವರ್ಷ ಬಿಡಬಾರದು. ವಿಟಮಿನ್ ಇ ಮಾತ್ರೆಯನ್ನು ಒಡೆದು ಹಚ್ಚುವ ಸಲಹೆ ನಿಮಗೂ ಬಂದಿರಬಹುದು, ದಯವಿಟ್ಟು ಹಚ್ಚಬೇಡಿ. ಅದರಿಂದ ಕಲೆ ತಿಳಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಆದರೆ ಚರ್ಮ ಕೆರಳಿ ದದ್ದೇಳುವುದು ಅನೇಕರಿಗೆ ಆಗಿದೆ. ಧೂಮಪಾನವಿದ್ದರೆ ನಿಲ್ಲಿಸಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಜಗ್ಗಿ ಹೊಲಿದ ಚರ್ಮಕ್ಕೆ ಮೊದಲೇ ರಕ್ತ ಕಡಿಮೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಲೋಟ ಒತ್ತಿ ನೋಡಿದೆ, ಕೆಂಪು ಮಾಸಿ ಮರಳಿ ಬಂತು. ಕಲೆಯೂ ಗಡಿ ದಾಟಿಲ್ಲ. ಒಂದು ಸಂದೇಹ ಉಳಿದಿದೆ. ಎಡತುದಿಯಲ್ಲಿ ಚರ್ಮ ಸಣ್ಣ ಮಡಿಕೆಯಂತೆ ಮೇಲೆದ್ದಿದೆ, ಅದು ಗಟ್ಟಿಯಿಲ್ಲ, ಕೆಂಪೂ ಇಲ್ಲ. ಅದಕ್ಕೂ ಸಿಲಿಕೋನ್ ಹಾಳೆ ಹಾಕಬೇಕೇ?

ಉತ್ತರ 1 ಬರೆದವರು

ಅದು ಕಲೆಯ ಉಬ್ಬಲ್ಲ, ಹೊಲಿಗೆಯ ತುದಿಯಲ್ಲಿ ಮಿಕ್ಕ ಚರ್ಮ. ವೈದ್ಯರು ಅದನ್ನು ಡಾಗ್ ಇಯರ್ ಎನ್ನುತ್ತಾರೆ. ಹಾಳೆಯಿಂದ ಅದಕ್ಕೆ ಪ್ರಯೋಜನವಿಲ್ಲ. ಊತ ಪೂರ್ತಿ ಇಳಿದ ಮೇಲೆ ಸಣ್ಣ ಮಡಿಕೆಗಳು ಎಷ್ಟೋ ಬಾರಿ ತಾವಾಗಿಯೇ ಕೂರುತ್ತವೆ, ಆದ್ದರಿಂದ ಆರು ತಿಂಗಳಿಂದ ವರ್ಷದವರೆಗೆ ಕಾಯಿರಿ. ಆಮೇಲೂ ಉಳಿದರೆ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ತೆಗೆಯಬಹುದು. ಮಡಿಕೆ ತೆಗೆದಷ್ಟೂ ಆ ತುದಿಯಲ್ಲಿ ಕಲೆ ಸ್ವಲ್ಪ ಉದ್ದವಾಗುತ್ತದೆ, ಆ ಹೊಸ ತುಂಡಿಗೆ ಮತ್ತೆ ಮೊದಲ ವಾರದಿಂದ ಲೆಕ್ಕ ಶುರುವಾಗುತ್ತದೆ ಎಂಬುದನ್ನು ತಿಳಿದುಕೊಂಡೇ ಒಪ್ಪಿಗೆ ಕೊಡಿ.